ಮೇಷ್ಟ್ರು ಒತ್ತಿದ ಬ್ರೇಕು

ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರಿಗೆ ಒಂದು ಚಟವಿತ್ತು: ಯಾರ ಕಾರಿನಲ್ಲಿ ಕೂತರೂ ಬಲಗಾಲಿನಿಂದ ನೆಲ ಒತ್ತುವುದು. ಕಲಿಸುವ ಕಾರಿನಲ್ಲಿ ಅವರ ಕಡೆಗೂ ಒಂದು ಬ್ರೇಕು ಇರುತ್ತದಲ್ಲ, ಕಾಲಿಗೆ ಅದೇ ರೂಢಿ. ಬೀಗರ ಕಾರಿನ ನೆಲಹಾಸು ಸವೆಸಿದ ಕೀರ್ತಿಯೂ ಅವರದೇ.

ಅವತ್ತು ಬೆಳಿಗ್ಗೆ ಮನೆಯ ಕಾರನ್ನು ಮಗಳು ಓಡಿಸುತ್ತಿದ್ದಳು. ಎದುರು ಬದಿ ನಿಂತಿದ್ದ ಲಾರಿಯ ಮರೆಯಿಂದ ಹಣ್ಣಿನ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು ದಿಢೀರನೆ ಅಡ್ಡ ಬಂದಳು. "ಬ್ರೇಕು! ಬ್ರೇಕು!" ಎಂದು ಮೇಷ್ಟ್ರು ಕೂಗಿ ನೆಲ ಮೆಟ್ಟಿದರು. ಕಾರು ಎಡಕ್ಕೆ ಹೊರಳಿ ಇಸ್ತ್ರಿ ಅಂಗಡಿಯ ಮುಚ್ಚಿದ ಬಾಗಿಲಿಗೆ ಗುದ್ದಿ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ತಲೆಗೆ ಬಂದದ್ದು ಪೇಟಕ್ಕೆ ಹೋಗಿತ್ತು.

ಆದರೆ ಸೋಮವಾರ ಮಗಳು ಆಂಬುಲೆನ್ಸ್ ಓಡಿಸುವ ಕೆಲಸಕ್ಕೆ ಸೇರಬೇಕಿತ್ತು. ಅಪಘಾತದಲ್ಲಿ ಅವಳ ಹೆಸರು ಬಂದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

"ಸ್ಟೇಷನ್‌ನಲ್ಲಿ ನೀನು ತುಟಿ ಪಿಟಕ್ ಅನ್ಬೇಡ. ಓಡಿಸಿದ್ದು ನಾನೇ," ಎಂದರು ಮೇಷ್ಟ್ರು.

"ಸುಳ್ಳು ಯಾಕಪ್ಪಾ?"

"ಅಪ್ಪ ಅನ್ನೋನು ಇರೋದು ಮತ್ಯಾಕೆ?"

ಸ್ಟೇಷನ್‌ನಲ್ಲಿದ್ದ ಇನ್ಸ್‌ಪೆಕ್ಟರಮ್ಮ ಕಾರು ಗುದ್ದಿದ ಜಾಗ ಆಗಲೇ ನೋಡಿಕೊಂಡು ಬಂದಿದ್ದರು. "ನೀವೇನು ಮಾಡಿದ್ರಿ, ಮೇಷ್ಟ್ರೇ?"

"ಜೋರಾಗಿ ಬ್ರೇಕ್ ಒತ್ತಿದೆ ಮೇಡಂ." ಪಾಪ, ಕಾಲು ಇನ್ನೂ ನೋಯುತ್ತಿತ್ತು. ಇದೊಂದು ಮಾತಾದರೂ ನಿಜವೆಂದೇ ಅವರು ನಂಬಿದ್ದರು.

"ಹಾಗಾದ್ರೆ ರಸ್ತೆ ಮೇಲೆ ಟೈರು ಉಜ್ಜಿದ ಗುರುತೆಲ್ಲಿ? ಒಂದು ಗೆರೇನೂ ಇಲ್ವಲ್ಲ?"

ಮೇಷ್ಟ್ರು ತಮ್ಮ ಬಲಗಾಲನ್ನೇ ನೋಡಿಕೊಂಡರು. ಮಗಳು ಮುಂದೆ ಬಂದಳು. "ಓಡಿಸಿದ್ದು ನಾನು, ಮೇಡಂ. ಬ್ರೇಕ್ ಹಾಕ್ಲಿಲ್ಲ, ಹಾಕಿದ್ರೂ ನಿಲ್ತಿರ್ಲಿಲ್ಲ. ಎಡಗಡೆ ಜನ ಇರ್ಲಿಲ್ಲ, ತಿರುಗಿಸ್ಬಿಟ್ಟೆ. ಆಂಬುಲೆನ್ಸ್ ಕೆಲಸ ಹೋದ್ರೆ ಹೋಗ್ಲಿ."

ಇನ್ಸ್‌ಪೆಕ್ಟರಮ್ಮ ಮೇಷ್ಟ್ರನ್ನು ದುರುಗುಟ್ಟಿ ನೋಡಿದರು. "ಸುಳ್ಳಿಗೆ ನಿಮ್ಮನ್ನ ಒಳಗೆ ಕೂರಿಸ್ಬೇಕಿತ್ತು. ಹಣ್ಣಿನಮ್ಮ ಆಗ್ಲೇ ಬಂದು ಎಲ್ಲಾ ಹೇಳಿ ಹೋದ್ರು. ಅಷ್ಟು ಹತ್ತಿರದಲ್ಲಿ ಬರೀ ಬ್ರೇಕ್ ಒತ್ತಿದ್ರೆ ಕಾರು ನೇರ ಅವರ ಮೇಲೇನೇ. ಈ ಹುಡುಗಿ ಜೀವ ಉಳಿಸಿದಾಳೆ ಅಂತಾನೇ ಬರೀತೀನಿ. ಕೆಲಸ ಕೊಡೋರು ಕೇಳಿದ್ರೂ ಅದನ್ನೇ ಹೇಳ್ತೀನಿ. ಅಂಗಡಿ ಬಾಗಿಲು ಸರಿ ಮಾಡಿಸ್ಕೊಡಿ, ಹೋಗಿ."

ಮೇಷ್ಟ್ರು ಕೈ ಮುಗಿದು ಹೊರಗೆ ಬಂದರು. ಮೆಟ್ಟಿಲ ಮೇಲೆ ಗಕ್ಕನೆ ನಿಂತರು. ಮಗಳಿಗೆ ಕಾರು ಕಲಿಸಿದವರು ಅವರೇ. ಗುರುವಿನ ಮಾತೆಂದು ಅವಳು ಕೇಳಿಬಿಟ್ಟಿದ್ದರೆ ಹಣ್ಣಿನ ಗಾಡಿಯ ಆ ತಾಯಿ ಇವತ್ತು ಮನೆ ಸೇರುತ್ತಿರಲಿಲ್ಲ. ಅವರು ಮಗಳ ಎರಡೂ ಕೈ ಹಿಡಿದುಕೊಂಡರು.

"ನನ್ನ ಮಾತು ಕೇಳ್ಲಿಲ್ವಲ್ಲ ಮಗಳೇ, ನಿನ್ನ ಹೊಟ್ಟೆ ತಣ್ಣಗಿರ್ಲಿ."