ದೂರ ಹೊಂಟೀರೇನು?

ಮೂವತ್ತು ವರ್ಷ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಕೆಲಸ ಮಾಡಿದ ಕೊಟ್ಟೂರಪ್ಪನವರಿಗೆ ರಿಟೈರ್ ಆದ ಮೇಲೆ ಜ್ಞಾನೋದಯವಾಯಿತು. ಮನುಷ್ಯನಾದವನು ಕಾಲೇಜಿನ ಪಕ್ಕದಲ್ಲೇ ಮನೆ ಮಾಡಬೇಕು. ಕೆಲಸವಿದ್ದಾಗ ಹೊಳೆಯದ ಮಾತು ಕೆಲಸ ಮುಗಿದ ಮೇಲೆ ಹೊಳೆದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಹೆಂಡತಿ ಸರೋಜಾ ಅವರ ಮುಖಕ್ಕೇ ಹೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ. ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಮಶೀನುಗಳ ಗದ್ದಲದ ನಡುವೆ ಹುಡುಗರಿಗೆ ಪಾಠ ಹೇಳಿ ಹೇಳಿ, ಬೇರೆಯವರ ಮಾತು ಕೇಳಿಸಿಕೊಳ್ಳದಿರುವುದು ಅವರಿಗೆ ಅಭ್ಯಾಸವಾಗಿತ್ತು.

“ದಾವಣಗೆರೆ ವಿದ್ಯಾನಗರದಾಗೆ ಎಲ್ಲಾ ನಡ್ದು ಹೋಗೋ ದೂರದಾಗೈತೆ,” ಎಂದು ಅವರು ಉಪ್ಪಿಟ್ಟು ತಿನ್ನುತ್ತ ಶುರು ಮಾಡುತ್ತಿದ್ದರು. “ಆಸ್ಪತ್ರೆ, ಪಾರ್ಕು, ಲೈಬ್ರರಿ, ದೋಸೆ ಹೋಟ್ಲು. ಗಾಡಿನೇ ಬ್ಯಾಡ. ಸುತ್ತ ಓದಿದ ಜನ. ಬೀದಿಗಿಳಿದ್ರೆ ಸಾಕು, ಹುಡುಗ್ರು ನಮಸ್ಕಾರ ಸರ್ ಅಂತಾರೆ.”

ಲೈಬ್ರರಿಯ ಒಳಗೆ ಅವರು ಕಾಲಿಟ್ಟದ್ದನ್ನು ಕಂಡವರಿಲ್ಲ. ಪಾರ್ಕಿಗೆ ಹೋದರೆ ಸೀನು ಬರುತ್ತಿತ್ತು. ನಿಜವಾದ ಕಾರಣ ಕೊನೆಯದೊಂದೇ, ಅದು ಸರೋಜಾಗೆ ಗೊತ್ತಿತ್ತು. ಹರಿಹರದಲ್ಲಿ ಅವರನ್ನು ಸರ್ ಎನ್ನುವವರು ಯಾರೂ ಇರಲಿಲ್ಲ. ಇಲ್ಲಿ ಅವರು ‘ಟೇಲರ್ ಸರೋಜಕ್ಕನ ಯಜಮಾನ್ರು’ ಅಷ್ಟೇ.

ಒಂದೇ ಒಂದು ತೊಡಕಿತ್ತು. ವಿದ್ಯಾನಗರದ ಮನೆ ಕೊಳ್ಳಬೇಕೆಂದರೆ ಹರಿಹರದ ಮನೆ ಮಾರಬೇಕು, ಅದು ಸರೋಜಾಳ ಹೆಸರಿನಲ್ಲಿತ್ತು. ಅಪ್ಪ ಕೊಟ್ಟ ಮನೆ. ಅದರ ಮುಂದಿನ ಕೋಣೆಯಲ್ಲಿ ಕೂತೇ ಅವಳು ಅರ್ಧ ಊರಿನ ಹೆಂಗಸರ ರವಿಕೆ ಹೊಲಿದಿದ್ದಳು. ಅವಳು ಸಹಿ ಹಾಕದೆ ಏನೂ ನಡೆಯುವಂತಿರಲಿಲ್ಲ. ಹಾಕುವುದಿಲ್ಲ ಎಂದು ಅವಳು ಆಗಲೇ ತೀರ್ಮಾನ ಮಾಡಿಯಾಗಿತ್ತು. ಆದರೂ ನೋಡದೆ ಬೇಡವೆಂದರೆ ಹಟಮಾರಿ ಅನ್ನುತ್ತಾರೆ, ನೋಡಿಕೊಂಡು ಬಂದು ಬೇಡವೆಂದರೆ ಯಾರೂ ಏನೂ ಅನ್ನುವಂತಿಲ್ಲ ಎಂದು ಒಂದು ಭಾನುವಾರ ಗಂಡನ ಜೊತೆ ಹೊರಟಳು.

ಹೊಸಿಲು ದಾಟಿದ್ದೇ ತಡ, ಪಕ್ಕದ ಮನೆಯ ಖತೀಜಾಬೀ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. “ದೂರ ಹೊಂಟೀರೇನು ಸರೋಜಕ್ಕಾ?”

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಹಾಗಂತ ಕೇಳದೆ ಬಿಟ್ಟರೆ ಕೇಳಬೇಕಾದವರ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ನಮ್ಮ ಹಿರಿಯರು ‘ದೂರ ಹೊಂಟೀರೇನು’ ಎಂಬ ಮಾತು ಕಂಡುಹಿಡಿದಿದ್ದಾರೆ. ಶಕುನವೂ ಕೆಡುವುದಿಲ್ಲ, ಸುದ್ದಿಯೂ ತಪ್ಪುವುದಿಲ್ಲ. ಈ ಒಂದು ವಿಷಯದಲ್ಲಿ ಆ ಬೀದಿಯಲ್ಲಿ ಜಾತಿ ಮತದ ಭೇದವೇ ಇರಲಿಲ್ಲ.

“ಇಲ್ಲೇ, ಹತ್ರ,” ಎಂದಳು ಸರೋಜಾ.

ಮೂಲೆಯಲ್ಲಿ ಹೂವು ಕಟ್ಟುತ್ತಿದ್ದ ಅಂಜಿನವ್ವನೂ ಅದನ್ನೇ ಕೇಳಿದಳು. ಅದೇ ಉತ್ತರ ಬಂದಾಗ ಸರೋಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಕೈಯಾಗೆ ಚೀಲ ಇಲ್ಲ, ಸಂತಿಗಂತೂ ಅಲ್ಲ. ರೇಷ್ಮೆ ಸೀರೆ ಅಲ್ಲ, ಮದುವಿಗೂ ಅಲ್ಲ. ಹೋಗ್ಬರ್ರಿ, ಹೋಗ್ಬರ್ರಿ.”

ಸರೋಜಾಗೆ ಇದು ಹೊಸದಲ್ಲ. ಸಂಜೆ ಹೊತ್ತು ಸುಮ್ಮನೆ ಹೊಳೆ ದಂಡೆಗೆ ಹೋಗಿ ನೀರು ನೋಡಬೇಕು ಅನ್ನಿಸಿದಾಗಲೂ ಅವಳು ಕೈಯಲ್ಲಿ ಹೂವು ಹಿಡಿದು ಗುಡಿಗೆ ಎಂದು ಹೇಳಿ ಹೋಗುತ್ತಿದ್ದಳು. ಸುಮ್ಮನೆ ಹೋಗುತ್ತೇನೆ ಎಂದರೆ ಮನೆಯಲ್ಲಿ ಗಂಡ ಹೆಂಡತಿಗೆ ಜಗಳವಂತೆ ಎಂದು ಸುದ್ದಿಯಾಗುತ್ತಿತ್ತು. ಅವಳ ಹೆಸರಿನಲ್ಲಿ ಹರಿಹರೇಶ್ವರನಿಗೆ ಸೇರಿದ ಹೂವಿನಲ್ಲಿ ಅರ್ಧ ಭಕ್ತಿಯದು, ಇನ್ನರ್ಧ ಬೀದಿಯ ಬಾಯಿ ಮುಚ್ಚಿಸಲಿಕ್ಕೆ.

ವಿದ್ಯಾನಗರದಲ್ಲಿ ಬ್ರೋಕರ್ ಖಲೀಲ್ ಕಾರಿಗೆ ಒರಗಿ ನಿಂತು ಕಾಯುತ್ತಿದ್ದ. ಮನೆ ಚೆನ್ನಾಗಿತ್ತು. ಅದರಲ್ಲಿ ತಪ್ಪು ಹುಡುಕಲೆಂದೇ ಬಂದಿದ್ದ ಸರೋಜಾಗೆ ಬಚ್ಚಲಿನ ಒಂದು ಒಡೆದ ಟೈಲ್ಸ್ ಬಿಟ್ಟು ಬೇರೇನೂ ಸಿಗಲಿಲ್ಲ. ರಸ್ತೆ ಕಡೆಗೆ ಕಿಟಕಿ ಇದ್ದ ಮುಂದಿನ ಕೋಣೆಯೊಂದೂ ಇತ್ತು. ಅದನ್ನು ನೋಡಿಯೂ ನೋಡದವಳ ಹಾಗೆ ಅವಳು ಹೊರಗೆ ಬಂದಳು.

“ಕಾಲೇಜು ನಡೆದ್ರೆ ಐದೇ ನಿಮಿಷ ಸರ್,” ಎಂದ ಖಲೀಲ್. “ಬರ್ರಿ, ಕಾರ್ ಹತ್ರಿ, ತೋರಿಸ್ತೀನಿ.”

“ನಡಿಯೋ ದೂರನ ಕಾರಾಗೆ ಹೆಂಗೆ ತೋರಿಸ್ತೀರಿ?” ಎಂದಳು ಸರೋಜಾ.

“ಬಿಸಿಲೈತಲ್ರೀ ಅಕ್ಕಾ. ನಡಿಯೋದು ಮನೆ ತಗೊಂಡ ಮ್ಯಾಲೆ ಇದ್ದೇ ಐತೆ.”

ಸರೋಜಾ ಕೇಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟಳು. ಕೊಟ್ಟೂರಪ್ಪ ವಿಧಿಯಿಲ್ಲದೆ ಹಿಂದೆ ಬಂದರು. ಫುಟ್‌ಪಾತ್ ಇತ್ತು. ಇರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಅದರ ಮೇಲೆ ಕಾಲಿಡಲು ಜಾಗವಿರಲಿಲ್ಲ, ಅಷ್ಟೇ. ಒಂದು ಮನೆಯವರು ಅಲ್ಲಿ ಕಾರು ನಿಲ್ಲಿಸಿದ್ದರು, ಮುಂದಿನವರು ತುಳಸಿ, ದಾಸವಾಳ ಬೆಳೆಸಿದ್ದರು, ಅದರಾಚೆ ಪಾನಿಪುರಿ ಗಾಡಿ, ಅದರಾಚೆ ಹಾಸ್ಟೆಲಿನ ಸಾಲು ಸಾಲು ಸ್ಕೂಟರು. ಓದಿದ ಜನರ ಊರು ನೋಡಿ, ಒಂದಿಂಚೂ ದಂಡವಾಗಿರಲಿಲ್ಲ.

ಅಷ್ಟರಲ್ಲಿ ಸ್ಕೂಟರೊಂದು ಪಕ್ಕದಲ್ಲಿ ಕಿರ್ರೆಂದು ನಿಂತಿತು. “ಸರ್, ನೀವಾ? ನಾನು ಸರ್, ನಿಂಗರಾಜ್, ನಿಮ್ಮ ಸ್ಟೂಡೆಂಟು. ಇದ್ಯಾಕ ನಡ್ಕೊಂಡು ಹೊಂಟೀರಿ? ಶುಗರ್ ಬಂತಾ?”

ನಡೆಯಲು ಹೇಳಿ ಮಾಡಿಸಿದ ಆ ಬಡಾವಣೆಯಲ್ಲಿ ನಡೆಯುವ ವಯಸ್ಸಾದವರು ಎರಡೇ ಬಗೆ. ಗಾಡಿ ಇಲ್ಲದವರು ಒಂದು, ಡಾಕ್ಟರು ಬೈದವರು ಇನ್ನೊಂದು. ಎರಡರಲ್ಲಿ ಯಾವುದು ಎಂದು ಹೇಳಲು ಕೊಟ್ಟೂರಪ್ಪನವರಿಗೆ ನಾಚಿಕೆಯಾಯಿತು.

“ಕಾಲೇಜಿಗಾ ಸರ್? ನಿಮ್ಮಂಥೋರು ನಡಿಬಾರ್ದು. ಹತ್ರಿ, ಬಿಡ್ತೀನಿ.”

ಎರಡು ಮಾತಿನಲ್ಲಿ ಮೂರು ಸಲ ಸರ್ ಬಂದಿತ್ತು. ಕೊಟ್ಟೂರಪ್ಪನವರ ಮುಖ ಊರಗಲವಾಯಿತು. “ನೀನು ಖಲೀಲ್ ಕಾರಾಗೆ ಬಾ,” ಎಂದು ಹೆಂಡತಿಗೆ ಹೇಳಿ ಸ್ಕೂಟರ್ ಏರಿ ಹೋಗಿಯೇಬಿಟ್ಟರು. ನಡೆಯುವ ದೂರದ ಮಹಿಮೆಯನ್ನು ಮೂರು ತಿಂಗಳಿಂದ ಹಾಡಿದ ಮಹಾನುಭಾವರು ನಡೆದದ್ದು ನಾಲ್ಕು ಮನೆ ದಾಟುವವರೆಗೆ. ಹಿಂದೆ ಕಾರಿನಲ್ಲಿ ತೆವಳುತ್ತಿದ್ದ ಖಲೀಲನಿಗೆ ನೀವು ಮನೆ ಹತ್ತಿರವೇ ಇರಿ ಎಂದು ಸನ್ನೆ ಮಾಡಿ ಸರೋಜಾ ಒಬ್ಬಳೇ ಮುಂದೆ ಹೋದಳು.

ತಿರುವಿನಲ್ಲಿ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಒಬ್ಬ ಮುದುಕಿ ಪೇಪರ್ ಓದುತ್ತಿದ್ದಳು. ಮುದುಕಿ ತಲೆ ಎತ್ತಿದ್ದೇ ಸರೋಜಾಳ ಬಾಯಲ್ಲಿ ‘ಇಲ್ಲೇ, ಹತ್ರ’ ತಯಾರಾಯಿತು. ಮುದುಕಿ ಒಮ್ಮೆ ನೋಡಿ ಮತ್ತೆ ಪೇಪರಿಗೆ ಇಳಿದಳು. ಉತ್ತರ ಸರೋಜಾಳ ಬಾಯಲ್ಲೇ ಉಳಿಯಿತು.

ಇನ್ನೊಬ್ಬರು ಕೇಳಬಹುದು ಎಂದು ಕಾದಳು. ಕೇಳಲಿಲ್ಲ. ಹಾಸ್ಟೆಲಿನ ಹುಡುಗಿಯರು ಒದ್ದೆ ಕೂದಲು ಬಿಟ್ಟುಕೊಂಡು, ಸಡಿಲ ಕುರ್ತಾಗಳಿಗೆ ಪಿನ್ನು ಚುಚ್ಚಿಕೊಂಡು ಚುರುಮುರಿ ತಿನ್ನುತ್ತ ಹೋಗುತ್ತಿದ್ದರು. ಅವರನ್ನೂ ಯಾರೂ ಕೇಳಲಿಲ್ಲ. ಸರೋಜಾ ಎಡಕ್ಕೆ ತಿರುಗಿದಳು, ಎಡಕ್ಕೆ ಕೆಲಸವೇನೂ ಇರಲಿಲ್ಲ. ಆಮೇಲೆ ಬಲಕ್ಕೆ ತಿರುಗಿದಳು, ಅಲ್ಲಿಯೂ ಇರಲಿಲ್ಲ. ಚಹಾದ ಅಂಗಡಿಯ ಮುಂದಿನ ಕಲ್ಲುಬೆಂಚಿನಲ್ಲಿ ಹುಡುಗರ ಪಕ್ಕ ಕೂತು ಒಂದು ಚಹಾ ಹೇಳಿದಳು. ಹೋಟೆಲಿನಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬಳೇ ಕೂತು ಚಹಾ ಕುಡಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅಂಗಡಿಯವನು ಕೇಳಿದ್ದು “ಸಕ್ರಿ ಹಾಕ್ಲೇನ್ರಿ?” ಎಂಬ ಒಂದೇ ಮಾತು.

ಅವಳ ಮೈ ಹಗುರಾಯಿತು. ಖುಷಿಯಾಯಿತು, ಹಿಂದೆಯೇ ಸಿಟ್ಟೂ ಬಂತು. ಹೊಳೆ ನೀರು ನೋಡಲಿಕ್ಕೂ ಇಷ್ಟು ವರ್ಷ ದೇವರನ್ನು ನೆಪ ಮಾಡಿಕೊಂಡು ಹೋದೆನಲ್ಲ ಎಂದು ತನ್ನ ಮೇಲೆಯೇ ಬಂದ ಸಿಟ್ಟು. ಚಹಾ ಮುಗಿಸಿ ಇನ್ನೊಂದು ಹೇಳಿದಳು. ಪಿನ್ನು ಚುಚ್ಚಿದ ಕುರ್ತಾಗಳು ಮುಂದೆ ಹಾದು ಹೋಗುತ್ತಲೇ ಇದ್ದವು, ಅವಳ ಕೈ ತನಗೆ ತಾನೇ ಅಳತೆ ಹಾಕುತ್ತಿತ್ತು.

ಅವಳು ಮರಳಿ ಬಂದಾಗ ಕೊಟ್ಟೂರಪ್ಪ ಮನೆಯ ಗೇಟಿನಲ್ಲಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿದ್ದರು. ನಿಂಗರಾಜ್ ಅವರನ್ನು ಕಾಲೇಜಿನ ಗೇಟಿನಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋಗಿದ್ದ. ಗೇಟಿನಲ್ಲಿ ಹೊಸ ವಾಚ್‌ಮನ್.

“ಯಾರು ನೀವು ಅಂದ ಸರೋಜಾ,” ಎಂದರು ಕೊಟ್ಟೂರಪ್ಪ. “ಮೂವತ್ತು ವರ್ಷ ಇಲ್ಲೇ ಸವೆದೀನಪ್ಪ ಅಂದ್ರೆ, ಇವತ್ತು ರಜಾ, ನಾಳೆ ಐಡಿ ಕಾರ್ಡ್ ತಗೊಂಡು ಬರ್ರಿ ಅಂದ. ವಾಪಸ್ ನಡ್ಕೊಂಡು ಬಂದೆ. ಒಬ್ಬ ಹುಡುಗನೂ ನಮಸ್ಕಾರ ಅನ್ಲಿಲ್ಲ. ಒಬ್ಬನಂತೂ ಅಂಕಲ್, ಸೈಡು ಅಂದ.”

ಹೇಳುತ್ತ ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಸರೋಜಾ ಗೇಲಿ ಮಾಡಬೇಕೆಂದಿದ್ದಳು, ಮಾಡಲಿಲ್ಲ. ಪಾಪ ಅನ್ನಿಸಿತು.

“ಈ ಮನೆ ಬ್ಯಾಡ. ನೀನು ಹೇಳಿದ್ದೇ ಖರೆ,” ಎಂದರು ಅವರು. “ಹರಿಹರದಾಗೆ ನಾಕು ಜನ ಮಾತಾಡ್ಸಾದ್ರೂ ಮಾತಾಡಿಸ್ತಾರೆ. ಇಲ್ಲಿ ಹೇಳೋರಿಲ್ಲ, ಕೇಳೋರಿಲ್ಲ.”

ಸರೋಜಾ ಖಲೀಲನ ಕಡೆ ತಿರುಗಿದಳು. “ಕಾಗದಪತ್ರ ಯಾವಾಗ ಮಾಡಿಸ್ತೀರಿ? ನಾನು ಸಹಿ ಹಾಕ್ತೀನಿ.”

ವ್ಯಾಪಾರ ಕೆಟ್ಟಿತೆಂದು ಕಾರಿನ ಬೀಗ ತೆಗೆಯುತ್ತಿದ್ದ ಖಲೀಲ್ ಹಾಗೇ ನಿಂತ. ಕೊಟ್ಟೂರಪ್ಪ ಹೆಂಡತಿಯ ಮುಖವನ್ನೇ ನೋಡಿದರು. “ಯಾಕ? ನಿನಗೇನು ಕಂಡ್ತು ಇಲ್ಲಿ?”

“ನೀವೇ ಹೇಳಿದ್ರಲ್ಲ,” ಎಂದಳು ಸರೋಜಾ. “ಕೇಳೋರಿಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಹರಿಹರದವರೆಗೂ ಯೋಚಿಸಿದರೂ ಆಗಲಿಲ್ಲ. ಹೆಂಡತಿಯ ಮಾತು ಕೇಳಿಸಿಕೊಳ್ಳಲು ಅವರು ಈಗಷ್ಟೇ ಶುರು ಮಾಡಿದ್ದರು, ಪಾಪ.

ಸಂಜೆ ಬೀದಿಗೆ ಕಾಲಿಟ್ಟಾಗ ಖತೀಜಾಬೀ ಇನ್ನೂ ಹೊಸಿಲಲ್ಲೇ ಇದ್ದಳು. “ದೂರ ಹೋಗಿದ್ರೇನು ಸರೋಜಕ್ಕಾ?”

ಈ ದನಿ ಇನ್ನು ಕಿವಿಗೆ ಬೀಳದು ಎಂದು ನೆನೆದು ಸರೋಜಾಗೆ ಬೇಸರವಾಯಿತು. ಆದರೂ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಆ ಪ್ರಶ್ನೆಗೆ ನಿಜ ಹೇಳಿದಳು.

“ಹೂಂ ಖತೀಜಾಬೀ. ಬಾಳ ದೂರ.”