ಎದುರು ದಡದ ಗೇಟು

ಸೇತುವೆಯ ನಟ್ಟನಡುವೆ ಹಳೆಯ ಸುಂಕದ ಕಟ್ಟಡವೊಂದಿತ್ತು. ಅದರಲ್ಲಿ ಎರಡು ಕೋಣೆ, ಅವುಗಳ ನಡುವೆ ಉದ್ದನೆಯ ಕಾರಿಡಾರು, ಕಾರಿಡಾರಿನ ಬದಿಯಲ್ಲಿ ಒಂದೇ ಒಂದು ಶೌಚಾಲಯ. ಪೂರ್ವ ದಡದವರು ಒಂದು ಕೋಣೆಯಲ್ಲಿ, ಪಶ್ಚಿಮ ದಡದವರು ಇನ್ನೊಂದರಲ್ಲಿ ಕುಳಿತು ಶಾಂತಿ ಮಾತುಕತೆ ನಡೆಸುತ್ತಿದ್ದರು. ಪರಸ್ಪರ ಮುಖ ನೋಡತಕ್ಕದ್ದಲ್ಲ ಎಂಬುದು ಇಬ್ಬರೂ ಒಪ್ಪಿಕೊಂಡ ಮೊದಲ ಅಂಶ. ಶೌಚಾಲಯಕ್ಕೆ ಯಾರು ಯಾವಾಗ ಹೋಗಬೇಕೆಂಬುದು ಎರಡನೆಯದು. ಮೂರನೆಯ ಅಂಶ ಇನ್ನೂ ಹುಟ್ಟಿರಲಿಲ್ಲ.

ಜಗಳ ಗಡಿಯದು. ಗಡಿ ನದಿಯ ನಡುವೆ ಇದೆಯೆಂದು ಒಂದು ದಡ, ನೀರಿನ ಅಂಚಿನಲ್ಲಿದೆಯೆಂದು ಇನ್ನೊಂದು ದಡ ವರ್ಷಗಟ್ಟಲೆ ಗುಂಡು ಹಾರಿಸಿಕೊಂಡಿದ್ದವು. ಸೇತುವೆಯ ಎರಡು ತುದಿಗಳಲ್ಲೂ ಗೇಟುಗಳು ಬಿದ್ದಿದ್ದವು. ನದಿ ಮಾತ್ರ ಈ ಬಗ್ಗೆ ಯಾವ ಅಭಿಪ್ರಾಯವನ್ನೂ ತಿಳಿಸದೆ, ಪ್ರತಿ ಮಳೆಗಾಲದಲ್ಲೂ ತನಗೆ ತೋಚಿದ ಕಡೆಗೆ ಸ್ವಲ್ಪ ಸರಿದುಕೊಳ್ಳುತ್ತಿತ್ತು.

ಒಂದು ಕೋಣೆಯ ಮಾತನ್ನು ಇನ್ನೊಂದಕ್ಕೆ ಒಯ್ಯುವುದು ಮಾತ್ರೆಯಮ್ಮನ ಕೆಲಸ. ಆಕೆ ಪಶ್ಚಿಮದ ಆಸ್ಪತ್ರೆಯಲ್ಲಿ ಔಷಧ ವಿತರಿಸುವವಳು. ಆ ಹೆಸರು ಬಂದದ್ದೂ ಹಾಗೆಯೇ. ಹಿಂದೆ ಮಧ್ಯಸ್ಥರಾಗಿದ್ದ ನಿವೃತ್ತ ನ್ಯಾಯಾಧೀಶರು ಎರಡೂ ಕಡೆಯ ಬೈಗುಳಗಳನ್ನು ಅಕ್ಷರಶಃ ಮುಟ್ಟಿಸಿ, ರಕ್ತದೊತ್ತಡ ಏರಿಸಿಕೊಂಡು ಹಾಸಿಗೆ ಹಿಡಿದಿದ್ದರು. ಅವರ ಜಾಗಕ್ಕೆ ಮಹಿಳೆಯೊಬ್ಬಳು ಬರಲೇಬೇಕೆಂದು, ಮಾತುಕತೆಯ ಉಸ್ತುವಾರಿಗೆ ಹೊರಗಿನಿಂದ ಬಂದಿದ್ದ ವೀಕ್ಷಕರ ಕಚೇರಿ ಪಟ್ಟು ಹಿಡಿಯಿತು. ಮಾತ್ರೆಯಮ್ಮ ಹುಟ್ಟಿದ್ದು ಪೂರ್ವದಲ್ಲಿ, ಕೊಟ್ಟಿದ್ದು ಪಶ್ಚಿಮಕ್ಕೆ. ಆದ್ದರಿಂದ ಎರಡೂ ಕಡೆಯವರು ಆಕೆಯನ್ನು ಸಮಪ್ರಮಾಣದಲ್ಲಿ ಅನುಮಾನಿಸುತ್ತಿದ್ದರು. ಇದನ್ನು ಕಚೇರಿಯವರು ನಿಷ್ಪಕ್ಷಪಾತತೆ ಎಂದು ಕರೆದರು.

ಆಕೆ ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣವಿತ್ತು, ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಆಕೆಯ ಅಕ್ಕ ಪೂರ್ವದಲ್ಲಿದ್ದಳು. ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ರಕ್ತ ಶುದ್ಧಿ ಮಾಡುವ ಒಳ್ಳೆಯ ಯಂತ್ರಗಳೆಲ್ಲ ಪಶ್ಚಿಮದ ಆಸ್ಪತ್ರೆಯಲ್ಲಿ. ಪೂರ್ವದಲ್ಲಿ ಇದ್ದದ್ದು ಜನರೇಟರಿನ ದಯೆಯಿಂದ ನಡೆಯುವ ಒಂದು ಮುದಿ ಯಂತ್ರ. ರೋಗಿಗಳಿಗಾಗಿ ಗೇಟುಗಳನ್ನು ತೆರೆಯಬೇಕೆಂಬುದೇ ಮೂರನೆಯ ಅಂಶವಾಗಬೇಕಿತ್ತು.

ಪೂರ್ವದ ಮುಖಂಡರು ಮೇಷ್ಟ್ರು. ಗಲಾಟೆಗೆ ಮುಂಚೆ ಎರಡೂ ದಡದ ಮಕ್ಕಳಿಗೆ ರೇಖಾಗಣಿತ ಕಲಿಸಿದವರು. ಪಶ್ಚಿಮದ ಮುಖಂಡ ಕಂಟ್ರಾಕ್ಟರು, ಅವರ ಹಳೆಯ ವಿದ್ಯಾರ್ಥಿ.

ಮೊದಲ ದಿನ ಮೇಷ್ಟ್ರು ಹೇಳಿ ಕಳಿಸಿದರು: "ಆ ಸಿಮೆಂಟು ಕಳ್ಳನಿಗೆ ಹೇಳಮ್ಮ, ಅವನ ತಲೇಲಿರೋದೂ ಬರೀ ಮರಳೇ ಅಂತ. ಗೇಟು ತೆಗೀಬೇಕಂದ್ರೆ ಮೊದಲು ಅವನು ತೆಗೀಲಿ."

ಕಾರಿಡಾರಿನಲ್ಲಿ ನಡೆಯುತ್ತಲೇ ಮಾತ್ರೆಯಮ್ಮ ಕಹಿ ಅಂಶವನ್ನು ಸೋಸಿ ತೆಗೆದಳು. "ನೀವು ಮೊದಲು ತೆಗೆದ್ರೆ, ಅವರೂ ತೆಗೆಯೋ ವಿಚಾರ ಮಾಡ್ತಾರಂತೆ," ಎಂದಳು.

ಪಶ್ಚಿಮದ ಕೋಣೆಯವರು ಉಳಿದ ಮಾತಿಗಾಗಿ ಕಿವಿ ನಿಮಿರಿಸಿದರು.

"ಅಷ್ಟೇನಾ?" ಎಂದ ಕಂಟ್ರಾಕ್ಟರು.

"ಅಷ್ಟೇ."

"ಬೈಲಿಲ್ವಾ?"

"ಇಲ್ಲ."

"ನಮ್ಮಪ್ಪನ ಸುದ್ದೀನೂ ಎತ್ತಲಿಲ್ವಾ?"

"ಇಲ್ಲಪ್ಪ."

ಕಂಟ್ರಾಕ್ಟರು ತನ್ನವರತ್ತ ತಿರುಗಿದ. "ಏನೋ ಮಸಲತ್ತು ನಡೀತಿದೆ ಕಣ್ರೋ. ಮೇಷ್ಟ್ರು ಬೈಯೋದು ಬಿಟ್ಟಿದಾರೆ ಅಂದ್ರೆ ಹೊಸ ಫಿರಂಗಿ ಬಂದಿದೆ ಅಂತಲೇ ಅರ್ಥ."

ಅಂದು ಸಂಜೆಯೇ ಪಶ್ಚಿಮದ ಗೇಟಿನಲ್ಲಿ ಕಾವಲು ಇಮ್ಮಡಿಯಾಯಿತು. ಅದನ್ನು ಕಂಡು ಪೂರ್ವದಲ್ಲೂ ಇಮ್ಮಡಿಯಾಯಿತು. ಮರುದಿನದಿಂದ ಮಾತ್ರೆಯಮ್ಮ ಪ್ರತಿ ಸಂದೇಶದ ಹಿಂದೊಂದು ಮುಂದೊಂದು ಬೈಗುಳವನ್ನು, ರೋಗಿಯ ತೂಕ ನೋಡಿ ಔಷಧ ಕೊಡುವಂತೆ ಹದವಾಗಿ ಬೆರೆಸಿಯೇ ಒಯ್ದಳು. ಎರಡೂ ಕೋಣೆಯವರು ನಿರಾಳವಾಗಿ ಉಸಿರು ಬಿಟ್ಟರು. ವಾತಾವರಣ ತಿಳಿಯಾಯಿತು. ಆದರೆ ಮೊದಲು ಯಾರು ಎಂಬ ಪ್ರಶ್ನೆ ಇದ್ದಲ್ಲೇ ಇತ್ತು. ಆಕೆಯ ಚಪ್ಪಲಿ ಮಾತ್ರ ಸವೆಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು.

"ಪುಟ್ಟೀ, ಜನರೇಟರು ನಿಂತೋಯ್ತು ಕಣೇ. ಡಾಕ್ಟ್ರು ಅದಕ್ಕೆ ಒದ್ದೂ ನೋಡಿದ್ರು."

"ಕಾಲು ಹೇಗಿದೆ ಅಕ್ಕ?"

"ನನ್ನ ಕಾಲು ನನಗೇ ಗುರುತು ಸಿಗ್ತಿಲ್ಲ. ಯಾರದೋ ತಂದು ಜೋಡಿಸಿದ ಹಾಗಿದೆ."

"ಡಾಕ್ಟ್ರು ಏನಂತಾರೆ?"

"ನಾಳೆವರೆಗೆ ತಡೀಬಹುದಂತೆ. ನಾಡಿದ್ದಿನ ಮಾತು ಕೇಳಿದ್ರೆ ಕಿಟಕಿ ಕಡೆ ನೋಡ್ತಾರೆ. ನೀನು ಅಳಬೇಡ, ಅತ್ರೆ ನನಗೆ ಸಿಟ್ಟು ಬರತ್ತೆ."

ಮಾತ್ರೆಯಮ್ಮ ಅಳಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿ, ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಆಕೆಯ ತಲೆಯಲ್ಲಿ ಆಗ ಪೂರ್ವದಿಂದ ಪಶ್ಚಿಮಕ್ಕೆ ಒಯ್ಯಬೇಕಾದ ಸಂದೇಶವೊಂದಿತ್ತು. ಅದನ್ನು ಒಯ್ಯಲು ಆಕೆ ಏಳಲಿಲ್ಲ.

ವೀಕ್ಷಕರ ಕಚೇರಿಯ ಹುಡುಗಿ ಹತ್ತಿರ ಬಂದಳು. "ಮೇಡಂ, ಮಧ್ಯಸ್ಥರು ಕೂತ್ಕೊಳ್ಳೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ."

"ಹಾಗಾದ್ರೆ ಮಧ್ಯಸ್ಥರು ಯಾರೂ ಇಲ್ಲ ಅಂದ್ಕೋ ಮಗಳೇ. ಇಲ್ಲಿ ಕೂತಿರೋದು ಒಬ್ಬಳು ತಂಗಿ."

ಹುಡುಗಿ ಸ್ವಲ್ಪ ಯೋಚಿಸಿ, ಪಕ್ಕದಲ್ಲೇ ಕುಳಿತಳು.

ಎರಡೂ ಕೋಣೆಯವರು ಕಾದರು. ಉತ್ತರ ಬರಲಿಲ್ಲವೆಂದು ಪೂರ್ವದವರಿಗೆ ಕಳವಳ. ಪ್ರಶ್ನೆಯೇ ಬರಲಿಲ್ಲವೆಂದು ಪಶ್ಚಿಮದವರಿಗೆ ಕಳವಳ. ಎದುರಿನವರು ಆಕೆಯನ್ನು ಹಿಡಿದಿಟ್ಟುಕೊಂಡಿದ್ದಾರೆಂದು ಇಬ್ಬರೂ ತೀರ್ಮಾನಿಸಿದರು. ಎರಡು ಬಾಗಿಲುಗಳೂ ಒಟ್ಟಿಗೆ ತೆರೆದುಕೊಂಡವು. ಮೇಷ್ಟ್ರು ಒಂದು ತುದಿಯಲ್ಲಿ, ಕಂಟ್ರಾಕ್ಟರು ಇನ್ನೊಂದು ತುದಿಯಲ್ಲಿ ನಿಂತರು. ಗುಂಡಿನ ಸದ್ದಿನಿಂದಲ್ಲದೆ ಬೇರೆ ರೀತಿಯಲ್ಲಿ ಅವರು ಭೇಟಿಯಾಗಿ ಬಹಳ ಕಾಲವಾಗಿತ್ತು.

"ಕೂದಲೆಲ್ಲ ಎಲ್ಲಿ ಹೋಯ್ತೋ?" ಎಂದರು ಮೇಷ್ಟ್ರು.

"ಉದುರೋಯ್ತು ಸಾರ್," ಎಂದ ಕಂಟ್ರಾಕ್ಟರು. 'ಸಾರ್' ಎಂಬುದು ಬಾಯಿಂದ ಜಾರಿದ್ದು ತಿಳಿದು ಅವನ ಕಿವಿ ಕೆಂಪಾಯಿತು.

ಇಬ್ಬರೂ ಮಾತ್ರೆಯಮ್ಮನತ್ತ ತಿರುಗಿದರು. "ಯಾಕಮ್ಮಾ ಹೀಗೆ ಕೂತ್ಬಿಟ್ಟೆ?"

"ನಮ್ಮಕ್ಕನ ಮೆಷಿನ್ನು ನಿಂತಿದೆ. ನಾಳೆವರೆಗೆ ಟೈಮಿದೆ. ಈ ಕಾರಿಡಾರಲ್ಲಿ ಓಡಾಡಿದಷ್ಟು ದೂರ ನೆಟ್ಟಗೆ ನಡೆದಿದ್ರೆ, ಅವಳನ್ನ ಬೆನ್ನ ಮೇಲೆ ಹೊತ್ಕೊಂಡು ಎಂದೋ ಬಂದಿರ್ತಿದ್ದೆ."

"ಅಯ್ಯೋ, ನಮ್ಮ ಅಭ್ಯಂತರ ಏನೂ ಇಲ್ಲ," ಎಂದರು ಮೇಷ್ಟ್ರು. "ಇವನು ಮೊದಲು ಗೇಟೆತ್ತಲಿ."

"ನಾನು ಮೊದಲು ಎತ್ತಿದ್ರೆ ನಮ್ಮ ಜನ ಮುಖಕ್ಕೆ ಉಗೀತಾರೆ ಸಾ..." ಕಂಟ್ರಾಕ್ಟರು ಪದವನ್ನು ಅರ್ಧಕ್ಕೇ ನುಂಗಿಕೊಂಡ.

"ನಮ್ಮ ಜನ ನನಗೆ ಹಾರ ಹಾಕ್ತಾರೇನೋ?" ಎಂದರು ಮೇಷ್ಟ್ರು.

ಮಾತ್ರೆಯಮ್ಮ ಎದ್ದು ನಿಂತಳು. "ನಿಮ್ಮ ನಿಮ್ಮ ಗೇಟು ನೀವು ಎತ್ತಲೇಬೇಡಿ. ಮೇಷ್ಟ್ರೇ, ನೀವು ಪಶ್ಚಿಮಕ್ಕೆ ಹೋಗಿ ಇವರ ಗೇಟೆತ್ತಿ. ಇವರು ಪೂರ್ವಕ್ಕೆ ಹೋಗಿ ನಿಮ್ಮದನ್ನ ಎತ್ತಲಿ. ಒಂದೇ ಹೊತ್ತಿಗೆ. ಆಗ ಯಾರು ಬಗ್ಗಿದ ಹಾಗಾಯ್ತು?"

ಇಬ್ಬರೂ ಲೆಕ್ಕ ಹಾಕಿದರು. "ಶತ್ರುವಿನ ಗೇಟನ್ನ ನಾನೇ ಕೈಯಾರೆ ಎತ್ತಿದೆ ಅಂತ ಹೇಳ್ಕೋಬಹುದು," ಎಂದ ಕಂಟ್ರಾಕ್ಟರು ನಿಧಾನವಾಗಿ. ಮೇಷ್ಟ್ರು ಗಾಳಿಯಲ್ಲಿ ಬೆರಳಿನಿಂದ ಗೆರೆಯೊಂದನ್ನು ಎಳೆದು, "ಎರಡೂ ಕಡೆ ಸರಿಸಮ. ಸಮ್ಮಿತಿ ಇದೆ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹುಡುಗಿ ನಿಂತಲ್ಲೇ ಒಪ್ಪಂದವನ್ನು ಬರೆದಳು. ರೋಗಿ ವಾಪಸು ಮನೆ ಸೇರುವವರೆಗೆ ಗೇಟುಗಳು ಮೇಲೆಯೇ ಇರಬೇಕು, ಎತ್ತಿದವರು ಅಲ್ಲಿಯೇ ಇರಬೇಕು ಎಂಬ ಸಾಲನ್ನು ಮಾತ್ರೆಯಮ್ಮ ಹೇಳಿ ಸೇರಿಸಿದಳು. ಗಡಿಬಿಡಿಯಲ್ಲಿ ಮುಖಂಡರಿಬ್ಬರೂ ಅದನ್ನು ಸರಿಯಾಗಿ ಓದದೆ ಸಹಿ ಹಾಕಿದರು.

ಮರುದಿನ ಬೆಳಗ್ಗೆ ಎರಡೂ ದಡಗಳಲ್ಲಿ ಜನ ಸೇರಿದರು. ಎಲ್ಲರ ಕಣ್ಣೂ ಎದುರು ದಡದ ಮೇಲೆಯೇ. ನಮ್ಮವರು ಅವರ ಗೇಟನ್ನು ಎತ್ತುವುದನ್ನು ನೋಡುವ ಭರದಲ್ಲಿ, ಪಕ್ಕಕ್ಕೆ ತಿರುಗಿ ಸ್ವಂತ ಗೇಟಿನತ್ತ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಗೇಟುಗಳು ಮೇಲೆದ್ದವು. ಎರಡೂ ಕಡೆ ಒಂದೇ ಹೊತ್ತಿಗೆ ಜಯಘೋಷ ಕೇಳಿಸಿತು. ಆ ಗದ್ದಲದ ನಡುವೆ ಆಂಬುಲೆನ್ಸು ಸೇತುವೆ ದಾಟಿತು.

ತಾವು ನಿಂತಿರುವುದು ಯಾರ ದಡದಲ್ಲಿ ಎಂಬುದು ಮುಖಂಡರಿಗೆ ಹೊಳೆದದ್ದು ಆಮೇಲೆ. ತಮ್ಮವರು ಗೇಟನ್ನು ಇಳಿಸಿದರೆ ತಾವೇ ಹೊರಗುಳಿಯಬೇಕು. ಮೇಷ್ಟ್ರನ್ನು ಪಶ್ಚಿಮದ ಕ್ಷೌರದಂಗಡಿಯವನು ಕುರ್ಚಿ ಕೊಟ್ಟು ಕೂರಿಸಿದ. ಕಂಟ್ರಾಕ್ಟರನ್ನು ಪೂರ್ವದ ಹೆಂಗಸರು ಸುತ್ತುವರಿದರು. ಗಲಾಟೆಗೆ ಮುಂಚೆ ಅವನು ಅರ್ಧಕ್ಕೆ ಬಿಟ್ಟುಹೋಗಿದ್ದ ಚರಂಡಿ ಅಂದಿನಿಂದ ಅವರ ಅಡುಗೆಮನೆಗಳ ಹಿಂದೆಯೇ ಕಟ್ಟಿಕೊಂಡು ನಿಂತಿತ್ತು.

ಆಸ್ಪತ್ರೆಯಲ್ಲಿ ಅಕ್ಕ ಯಂತ್ರದ ಪಕ್ಕ ಮಲಗಿ, ಕೊಳವೆಯಲ್ಲಿ ಹರಿಯುತ್ತಿದ್ದ ತನ್ನ ರಕ್ತವನ್ನು ನೋಡಿದಳು. "ಈ ಮೆಷಿನ್ನು ಸದ್ದೇ ಮಾಡಲ್ವಲ್ಲೇ. ಕೆಲಸ ಮಾಡ್ತಿದೆ ತಾನೆ?"

"ಮಾಡ್ತಿದೆ. ಮಲಕೋ."

ಅಕ್ಕ ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ಯಂತ್ರ ತನ್ನ ಕೆಲಸ ಮುಗಿಸಿತು. ನರ್ಸು ಸೂಜಿಗಳನ್ನು ತೆಗೆದು ಹತ್ತಿ ಒತ್ತಿ ಹೋದಳು. ಅಕ್ಕನಿಗೆ ಎಚ್ಚರವಾಗಲಿಲ್ಲ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಪಾದದ ಬಾವು ಇಳಿದು, ಕಾಲಿನ ಹರಡಿನ ಮೂಳೆ ಮತ್ತೆ ಕಾಣಿಸಿಕೊಂಡಿತ್ತು. ಮಾತ್ರೆಯಮ್ಮ ಅದನ್ನೊಮ್ಮೆ ಮುಟ್ಟಿ ನೋಡಿದಳು.

ಫೋನು ಗುಂಯ್‌ಗುಟ್ಟಿತು. ಕಂಟ್ರಾಕ್ಟರು.

"ಮಾತ್ರೆಯಮ್ಮಾವ್ರೇ, ಅಕ್ಕಾವ್ರದ್ದು ಮುಗೀತಾ? ಇಲ್ಲಿ ಹೆಂಗಸರು ಚರಂಡಿ ನೋಡ್ಲೇಬೇಕು ಅಂತ ನನ್ನ ಕೈ ಹಿಡಿದು ಎಳೀತಿದಾರೆ!"

ಮಾತ್ರೆಯಮ್ಮ ಆರಿಹೋಗಿದ್ದ ಯಂತ್ರವನ್ನು ನೋಡಿದಳು, ಅಕ್ಕನನ್ನು ನೋಡಿದಳು. ಹೊದಿಕೆಯನ್ನು ಭುಜದವರೆಗೆ ಎಳೆದಳು.

"ಇನ್ನೂ ತುಂಬ ಹೊತ್ತಾಗತ್ತೆ," ಎಂದಳು. "ನೋಡ್ಕೊಂಡು ಬನ್ನಿ."