ಬಂಡ್ಯಾನ ಮರಾಠಿ

ಹಾಲು ತಳ ಹಿಡಿದ ವಾಸನೆ, ಅಡುಗೆಮನೆಯಿಂದಲೇ, ಪಾಯಸಕ್ಕಿಟ್ಟ ಹಾಲು, ಎದ್ದು ಇಳಿಸಬೇಕು ಎಂದುಕೊಂಡರೂ ಬಸವಣ್ಣೆವ್ವ ಏಳಲಿಲ್ಲ, ಏಳುವಂತಿಲ್ಲ, ಎದುರಿಗೆ ಅಯ್ಯನವರು ಮಗಳ ಹಣೆಗೆ ವಿಭೂತಿ ಹಚ್ಚುತ್ತಿದ್ದಾರೆ, ಗಂಗಾ ಮೂಗು ಕೆರೆದುಕೊಳ್ಳದೆ ಕೂತಿರುವುದೇ ಒಂದು ಪವಾಡ, ಏಳು ವರ್ಷದ ಕೂಸು, ಇವತ್ತು ಅದರ ದೀಕ್ಷೆ, ಇನ್ನು ಸ್ವಲ್ಪ ಹೊತ್ತಿಗೆ ಎಡಗೈಯಲ್ಲಿ ಲಿಂಗ ಇಡುತ್ತಾರೆ, ಆಮೇಲೆ ತಾಯಿಯಾದವಳು ಹೇಳಬೇಕು, ನೋಡವಾ, ಇದರಾಗ ಅದಾನ, ಏನ ಕೇಳಿದರೂ ಮಾತಾಡತಾನ — ಅಯ್ಯನವರ ಪಾಲಿಗೆ ಮಂತ್ರವಿದೆ, ಈ ಮಾತು ಮಾತ್ರ ಮನೆಯ ಹೆಂಗಸಿನ ಬಾಯಿಂದ ಬರಬೇಕಂತೆ, ಅತ್ತೆ ಶಿವಬಸವ್ವ ನಿನ್ನೆಯಿಂದ ಬೆನ್ನು ಹತ್ತಿದ್ದಾಳೆ, ನೀನ ಹೇಳಬೇಕ ನೋಡು ಬಸವಣ್ಣಿ, ನಿನ್ನ ಕೂಡ ದೇವರು ಮಾತಾಡಿದ್ದು ಖರೇ ಐತಿ, ನಮ್ಮ ಕೂಡೇನ ಮಾತಾಡಿಲ್ಲ. ಮಾತಾಡಿದ್ದು ನಿಜ, ಮರಾಠಿಯಲ್ಲಿ ಮಾತಾಡಿದ್ದ, ಅದೂ ಎಂಥ ಮರಾಠಿ. ಈ ಮಹಾಂತೇಶ ನಗರದ ಮನೆ ಮೈದುನನದು, ಗಂಡ ಹೋದ ಮೇಲೆ ಇಲ್ಲಿ ಬಂದು ಬಿದ್ದವಳು ಅತ್ತೆಗೆ ಎದುರಾಡುವುದುಂಟೇ, ಹೇಳಿಬಿಡಬೇಕು, ಆದರೆ ಯಾವ ಬಾಯಿಂದ ಹೇಳುವುದು, ತನ್ನ ಲಿಂಗದಲ್ಲಿ ಯಾರೂ ಇಲ್ಲವೆಂದು ಗೊತ್ತಾಗಿ ಎರಡು ವರ್ಷವಾಯಿತು.

ತವರೂರು ಬೀಡಿಯ ಮನೆಯಲ್ಲಿ, ಎಪ್ಪತ್ತನೇ ಇಸವಿಯ ಸುಮಾರಿಗೆ, ಅವ್ವ ರೇಣವ್ವ ತೀರಿಕೊಂಡ ವರ್ಷ, ಇವಳಿಗಿನ್ನೂ ಸಾಲಿ ಹಚ್ಚಿರಲಿಲ್ಲ, ಅಪ್ಪ ಹೊಲಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದ, ಅಜ್ಜಿ ಕಾಶವ್ವನಿಗೆ ಕಣ್ಣು ಮಂದ, ಒಂದು ಮೂಲೆಯಲ್ಲಿ ಕೂತಲ್ಲೇ ತೂಕಡಿಸುವಳು, ಇವಳು ಬೀಸುಕಲ್ಲಿನ ಮುಂದೆ, ಇಬ್ಬರು ಹಿಡಿಯುವ ಗೂಟವನ್ನು ಒಬ್ಬಳೇ ಹಿಡಿದು, ಕಲ್ಲು ಮಿಸುಕದು, ಗೋಡೆಯಾಚೆ ಮರಾಠರ ಮಕ್ಕಳು ಆಡುತ್ತಾರೆ, ಓಡುತ್ತಾರೆ, ಕೂಗುತ್ತಾರೆ, ಯಾರೂ ಇವಳನ್ನು ಕರೆಯುವುದಿಲ್ಲ, ಕರೆದಿದ್ದರೂ ಚಿಲಕ — ಆಗ ಅವರಲ್ಲೊಬ್ಬ, ಅಂದರೆ ಅವರಲ್ಲಿ ಇಲ್ಲದ ಒಬ್ಬ, ಗೋಡೆ ಹಾರಿ ಬಂದ, ಬಂಡ್ಯಾ. ಅವ್ವ ಕೂರುತ್ತಿದ್ದ ಕಡೆ ಕೂತ, ಗೂಟಕ್ಕೆ ಕೈ ಹಚ್ಚಿದ, ಕಲ್ಲು ಹಗುರಾಯಿತು, ಈಗಲೂ ಆಣೆ ಮಾಡಿ ಹೇಳುತ್ತಾಳೆ, ಹಗುರಾಯಿತು. ಇವಳಿಗೆ ಬರುತ್ತಿದ್ದದ್ದು ಗೋಡೆಯಾಚೆಯಿಂದ ಕಿವಿಗೆ ಬಿದ್ದಷ್ಟು ಮರಾಠಿ, ಬಂಡ್ಯಾ ಅಷ್ಟನ್ನೇ ಆಡುತ್ತಿದ್ದ, ಇಕಡೆ ಯೇ, ರಡೂ ನಕೋ, ಮೀ ಆಹೇ, ಇಲ್ಲಿ ಬಾ, ಅಳಬೇಡ, ನಾನಿದ್ದೇನೆ, ಅವ್ವ ಸತ್ತ ಮನೆಯಲ್ಲಿ ಇಷ್ಟು ಹೇಳುವವರು ಇನ್ಯಾರಿದ್ದರು. ಯಾರ ಕೂಡ ಮಾತಾಡಾಕತ್ತಿ ಅಂದಳು ಅಜ್ಜಿ, ಬಂಡ್ಯಾ ಅಂದಳು ಇವಳು, ಅವಗ ಲಿಂಗ ಐತೇನ, ಇಲ್ಲ, ಹಂಗಾರ ಅಡಗಿಮನಿಗೆ ಬರೂ ಹಂಗಿಲ್ಲ, ಹೊರಗ ಕುಂದರ ಅನ್ನು — ಅಜ್ಜಿ ಚೇಷ್ಟೆಗೆ ಅಂದದ್ದು, ಇವಳು ಖರೇ ಎಂದೇ ನಂಬಿದಳು, ಊಟಕ್ಕೆ ಕೂತಾಗಲೆಲ್ಲ ಬಂಡ್ಯಾ ಹೊಸ್ತಿಲ ಹೊರಗೆ ಹಸಿದು ನಿಂತಿರುತ್ತಿದ್ದ.

ಅದಕ್ಕೇ ತನ್ನ ದೀಕ್ಷೆಯ ದಿನ ಊರ ಮಠದ ಚನ್ನಬಸಯ್ಯನವರು ಅಂಗೈಯಲ್ಲಿ ಲಿಂಗ ಇಟ್ಟು, ಕಣ್ಣ ಪಿಳಕಿಸದ ನೋಡವಾ ಎಂದಾಗ ಇವಳು ಮೊದಲು ಮಾಡಿದ್ದು ಅವನನ್ನು ಒಳಗೆ ಕರೆದದ್ದು, ಬಾರೋ, ಇದರಾಗ ಬಂದ ಕುಂದರು, ಇನ್ನ ನಿನ್ನ ಯಾರು ಹೊರಗ ಹಾಕತಾರ ನೋಡೂಣು — ನೋಡಿ ನೋಡಿ ಕಣ್ಣಲ್ಲಿ ನೀರು, ಲಿಂಗ ನೀರೊಳಗೆ ಅಲ್ಲಾಡಿತು, ಒಳಗಿನಿಂದ ಅವನೇ, ರಡೂ ನಕೋ, ಮೀ ಆಹೇ. ಅಜ್ಜಿಗೆ ಹೇಳಿದಳು, ಅಜ್ಜಿ ಓಣಿಗೆಲ್ಲ ಹೇಳಿದಳು, ನನ್ನ ಮೊಮ್ಮಗಳ ಕೂಡ ಶಿವ ಮಾತಾಡ್ಯಾನ. ಶಿವ ಮರಾಠ್ಯಾಗ ಯಾಕ ಮಾತಾಡತಾನ ಕಾಶವ್ವ ಎಂದು ಯಾರೋ ಕೆಣಕಿದರೆ, ಖಾನಾಪುರ ತಾಲೂಕಿನ್ಯಾಗ ಇರಾವಗ ಎರಡೂ ಬರಬೇಕಲ್ಲ ಎಂದಳು, ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಬಂದು ಕೂಸಿನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋದರು. ಬಂಡ್ಯಾ ಅನ್ನುವ ಹೆಸರು ಬರಬರುತ್ತಾ ನಾಲಿಗೆಯಿಂದ ಬಿಟ್ಟುಹೋಯಿತು, ಶಿವನೇ ಅನ್ನುವುದು ಉಳಿಯಿತು, ದನಿ ಮಾತ್ರ ಅದೇ, ಮೈನೆರೆದಾಗ ಅದೇ, ಮದುವೆಯಾಗಿ ಬೆಳಗಾವಿಗೆ ಬಂದಾಗ, ಗಂಗಾ ಹುಟ್ಟುವ ಬೇನೆಯಲ್ಲಿ, ದಿನಾ ಬೆಳಿಗ್ಗೆ ಅಂಗೈಯಿಂದ ಎದ್ದು ಬರುವ ಹುಡುಗನ ದನಿ, ಅವನಿಗೆ ವಯಸ್ಸೇ ಆಗಲಿಲ್ಲ, ದೇವರಿಗೆ ಎಲ್ಲಿಯ ವಯಸ್ಸು ಎಂದುಕೊಂಡಿದ್ದಳು.

ಎಂಬತ್ತೇಳರ ಬೇಸಿಗೆ, ಗಂಡ ನಾಗಲಿಂಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಎದೆಗೆ ಸಿಡಿದು ಆಸ್ಪತ್ರೆಯಲ್ಲಿ, ಇವಳು ಹೊರಗೆ ಮರದ ಬಾಕಿನ ಮೇಲೆ ಕೂತು, ಸೆರಗಿನೊಳಗೆ ಲಿಂಗ ಹಿಡಿದು, ಉಳಿತಾನಿಲ್ಲೋ ಹೇಳು ಎಂದರೆ ಮೀ ಆಹೇ, ಉಳಿತಾನಲ್ಲ, ಮೀ ಆಹೇ, ಎಷ್ಟು ಧೈರ್ಯವಿತ್ತು ಆಗ, ಡಾಕ್ಟರು ಬಂದು ಮರಾಠಿಯಲ್ಲಿ ಬಡಬಡ ಏನೋ ಹೇಳಿ ಹೋದರು, ಒಂದು ಶಬ್ದ ಹಿಂದುಳಿಯಿತು, ಅತ್ಯವಸ್ಥ, ಇದು ಯಾವ ಗೋಡೆಯಾಚೆಯಿಂದಲೂ ಕಿವಿಗೆ ಬಿದ್ದದ್ದಲ್ಲ, ಇವಳು ತಲೆ ಬಗ್ಗಿಸಿ ಕೇಳಿದಳು, ಅತ್ಯವಸ್ಥ ಅಂದ್ರ ಏನೋ. ಹೇಳೋ ಬಂಡ್ಯಾ, ಹಳೆಯ ಹೆಸರು ತಾನಾಗಿ ಬಾಯಿಗೆ ಬಂತು, ನಿನ್ನ ಮಾತಲ್ಲೇನ ಅದು — ರಡೂ ನಕೋ ಎಂದ, ಅಷ್ಟೇ ಎಂದ, ಅಷ್ಟೇ ಅವನಿಗೆ ಬರುತ್ತಿತ್ತು, ಮೂರು ಲೋಕ ಹುಟ್ಟಿಸಿದವನಿಗೆ ಆಸ್ಪತ್ರೆಯ ಒಂದು ಮರಾಠಿ ಶಬ್ದ ತಿಳಿಯದು, ತಿಳಿಯದು ಯಾಕೆಂದರೆ ಇವಳಿಗೆ ತಿಳಿಯದು. ಪಕ್ಕದಲ್ಲಿ ಕೂತಿದ್ದ ಜೈನರ ಹೀರಾಬಾಯಿ, ತನ್ನ ಮಗನಿಗೆ ಗಂಜಿ ತಂದಿದ್ದವಳು, ಇವಳ ಮೊಣಕೈ ಹಿಡಿದು, ಕೈ ಮೀರೈತಿ ಅಂತ ಹೇಳ್ಯಾರ ತಂಗಿ, ಮನಿ ಮಂದಿನ್ನ ಕರಸ್ರಿ ಎಂದಳು. ಹೀರಾಬಾಯಿಗೆ ಗೊತ್ತಿತ್ತು. ಅವತ್ತೇ ಮಧ್ಯಾಹ್ನ ನಾಗಲಿಂಗ ಹೋದ, ಸಮಾಧಿಯ ಕುಣಿಯಲ್ಲಿ ಕೂಡಿಸಿ ಎಡಗೈಯಲ್ಲಿ ಅವನ ಲಿಂಗ ಇಟ್ಟು ಬೆರಳು ಮಡಚಿದರು, ಎಲ್ಲರೂ ಶಿವನ ಪಾದ ಸೇರಿದ ಅಂದರು, ಇವಳಿಗೆ ಮಾತ್ರ ಕಲ್ಲು ಹಿಡಿದ ಕೈ ಕಂಡಿತು. ಆಮೇಲೆ ಬೆಳಿಗ್ಗೆ ಲಿಂಗ ಹಿಡಿದರೆ ಅದರ ತೂಕ ಇರುತ್ತದೆ, ತೂಕ ಬಿಟ್ಟರೆ ಏನೂ ಇಲ್ಲ, ಬೇಕೆಂದೇ ಬಂಡ್ಯಾನ ದನಿ ತೆಗೆದು ತಾನೇ ಆಡಿ ನೋಡಿದಳು, ನಾಚಿಕೆಯಾಯಿತು, ಸುಳ್ಳೆಂದು ಗೊತ್ತಾದ ಮೇಲೆ ಸುಳ್ಳೂ ಬಾರದು, ದೇವರೂ ಹೋದ, ಗೆಳೆಯನೂ ಹೋದ.

ಅವ್ವಾ, ಎಂದಳು ಗಂಗಾ. ಲಿಂಗ ಇಟ್ಟಾಗಿದೆ, ಪುಟ್ಟ ಎಡಗೈಯಲ್ಲಿ, ಅವ್ವಾ, ಇದರಾಗ ಅಪ್ಪ ಬರತಾನೇನ. ಅಯ್ಯನವರು ತಲೆಯೆತ್ತಿದರು, ಅತ್ತೆ ಕಣ್ಣಲ್ಲೇ ತಿವಿಯುತ್ತಾಳೆ, ಹೇಳು, ಹೇಳು — ಇಲ್ಲ ಅಂದರೆ ಈ ಕೂಸಿನ ಮನೆಗೂ ಹೊರಗಿನಿಂದ ಚಿಲಕ, ಒಳಗೆ ಕಲ್ಲು, ಹೌದು ಅಂದರೆ ಯಾವತ್ತೋ ಒಂದು ದಿನ ಯಾವುದೋ ಬಾಕಿನ ಮೇಲೆ ತನ್ನಂತೆಯೇ — ಆ ದಿನ ದೂರವಿದೆಯಲ್ಲ, ಅಲ್ಲಿಯವರೆಗಾದರೂ, ಬರತಾನವಾ, ಎಂದಳು ಬಸವಣ್ಣೆವ್ವ, ಕಣ್ಣ ಪಿಳಕಿಸಬ್ಯಾಡ, ನೋಡು, ಮಾತಾಡತಾನ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗಾ ನೋಡಿದಳು, ಕಣ್ಣು ತುಂಬಿತು, ತುಟಿ ಅಲ್ಲಾಡಿತು, ಅಪ್ಪಾ ಎಂದಳು, ಒಮ್ಮೆಲೆ ಮುಖ ಅರಳಿತು, ಬಂದಾನವಾ. ಏನಂದ. ಮುಟ್ಟಬ್ಯಾಡ, ಕೈ ಹೊಲಸದಾವು, ತಡಿ ಅಂದ. — ಆಗೆಲ್ಲ ಸಂಜೆ ನಾಗಲಿಂಗ ಫೌಂಡ್ರಿಯಿಂದ ಬರುವನು, ಕೂಸು ಓಡಿಹೋಗಿ ಕಾಲು ತಬ್ಬಲು ನೋಡುವುದು, ಅವನು ಬಾಗಿಲಲ್ಲೇ ಎರಡೂ ಕರಿ ಕೈ ಮೇಲೆತ್ತಿ ನಿಲ್ಲುವನು, ಮುಟ್ಟಬ್ಯಾಡ, ತಡಿ, ಕೈ ತೊಳೆದ ಮೇಲೆ ಎತ್ತಿಕೊಂಡು ಎಷ್ಟು ಮಾತಾಡುತ್ತಿದ್ದ, ಕತೆ, ಹಾಡು, ಮುದ್ದು, ಅದೊಂದೂ ಇಲ್ಲ, ಅವನು ಹೋದಾಗ ಐದು ವರ್ಷದ್ದಿದ್ದ ಕೂಸಿಗೆ ನೆನಪುಳಿದದ್ದು ಇಷ್ಟು. ಇನ್ನೊಮ್ಮಿ ಕೇಳವಾ, ಎಂದಳು, ತನ್ನ ದನಿಯೇ ತನಗೆ ಗುರುತು ಸಿಗದೆ, ಬ್ಯಾರೇ ಏನರ ಅಂತಾನೇನ ಕೇಳು. ಗಂಗಾ ಕೇಳಿದಳು. ತಡಿ ಅಂತಾನ ಅವ್ವಾ. ಇನ್ನೊಮ್ಮಿ. ತಡಿ ಅಂತಾನ, ಎಂದು ಅಂಗೈ ಚಾಚಿಕೊಂಡು ಅಲ್ಲಾಡದೆ ಕಾಯುತ್ತಾ ಕೂತಿತು ಕೂಸು, ಬಾಗಿಲಲ್ಲಿ ಮೇಲೆತ್ತಿದ ಎರಡು ಕರಿ ಕೈ, ಇಳಿಯದ ಕೈ, ಮೇಲೆತ್ತಿದ ಎರಡು ಕರಿ ಕೈ